ಉತ್ತರ ಸರಿ, ಕಾರಣ ಯಾವುದು? ಪ್ರೋಗ್ರಾಮಿಂಗ್ ಭಾಷೆಯ ಬುನಾದಿ ಮತ್ತು ಟ್ರಿಕಿ ಪ್ರಶ್ನೆಗಳ ಕುರಿತು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೋಡಿನ ಸಾಲುಗಳನ್ನು ಗೋಷ್ಠಿಯಲ್ಲಿ ಬಾಯಲ್ಲಿ ಓದಿ ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

1. ಒಂದು ಪದ, ನಾಲ್ಕು ಉತ್ತರ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ಕೇಳದಿದ್ದವರು ಚಾಟ್‌ನಲ್ಲಿ ಬರೀರಿ. ವಿಷಯಕ್ಕೆ ಹೋಗೋ ಮೊದಲು ಒಂದು ಸಣ್ಣ ಪ್ರಶ್ನೆ ಕೇಳ್ತೀನಿ, ಉತ್ತರವನ್ನೂ ಚಾಟ್‌ನಲ್ಲೇ ಹಾಕಿ. ‘ನಿಲಂಗಾ’ ಎಂಬ ಪದದ ಉದ್ದ ಎಷ್ಟು?

ಉತ್ತರಗಳು ಬರ್ತಾ ಇವೆ. ಹೆಚ್ಚಿನವರು 3 ಅಂದಿದ್ದಾರೆ. ಕೆಲವರು 6. ಒಬ್ಬರು 18 ಅಂದಿದ್ದಾರೆ. ಇನ್ನೊಬ್ಬರು 7 ಅಂತ ಹಾಕಿದ್ದಾರೆ, ಅವರು ಇಂಗ್ಲಿಷ್ ಸ್ಪೆಲಿಂಗ್ ಎಣಿಸಿದ್ದಾರೆ ಅನ್ನಿಸ್ತದೆ. ಈಗ ನಾನು ‘ಸರಿ ಉತ್ತರ 6, ಉಳಿದವರಿಗೆ ಸೊನ್ನೆ’ ಅಂದರೆ ನೀವು ಒಪ್ಪುತ್ತೀರಾ? ಒಪ್ಪಬಾರದು. ಯಾಕೆಂದರೆ ನಾಲ್ಕೂ ಉತ್ತರಗಳಿಗೆ ಕಾರಣ ಇದೆ.

ಮೂರು ಅಂದವರು ನಾವು ಶಾಲೆಯಲ್ಲಿ ಕಲಿತ ಹಾಗೆ ಎಣಿಸಿದ್ದಾರೆ: ನಿ, ಲಂ, ಗಾ. ಸ್ವಿಫ್ಟ್ ಭಾಷೆಯಲ್ಲಿ ಈ ಪದದ ಅಕ್ಷರ ಎಣಿಸಲು ಹೇಳಿದರೆ ಅದೂ 3 ಅಂತದೆ. ಪೈಥಾನ್ 3ರಲ್ಲಿ ‘ಲೆನ್’ ಫಂಕ್ಷನ್‌ಗೆ ಕೊಟ್ಟರೆ 6 ಬರುತ್ತದೆ, ಜಾವಾ ಮತ್ತು ಜಾವಾಸ್ಕ್ರಿಪ್ಟ್‌ನಲ್ಲೂ 6. ಅವು ಯೂನಿಕೋಡಿನ ಸಂಕೇತಗಳನ್ನು ಎಣಿಸುತ್ತವೆ: ನ ಒಂದು, ಅದಕ್ಕೆ ಹತ್ತಿದ ಗುಡಿಸು ಇನ್ನೊಂದು, ಲ ಒಂದು, ಅದರ ಮುಂದಿನ ಸೊನ್ನೆ ಒಂದು, ಗ ಒಂದು, ಅದರ ದೀರ್ಘ ಒಂದು. ಒಟ್ಟು ಆರು. ಅದೇ ಪದವನ್ನು ಯುಟಿಎಫ್-8 ರೂಪದಲ್ಲಿಟ್ಟು ಸಿ ಭಾಷೆಯ ‘ಸ್ಟರ್‌ಲೆನ್’ಗೆ ಕೊಟ್ಟರೆ 18. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಸಿ ಎಣಿಸುವುದು ಬೈಟನ್ನು. ಹಳೆಯ ಪೈಥಾನ್ 2ರಲ್ಲಿ, ಫೈಲು ಯುಟಿಎಫ್-8ರಲ್ಲಿದ್ದರೆ, ಸಾದಾ ಸ್ಟ್ರಿಂಗ್‌ಗೂ 18 ಬರುತ್ತಿತ್ತು. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗ ಆದ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದು.

ಇನ್ನೊಂದು ಮಾತು. ಇದೇ ಪದವನ್ನು ದೇವನಾಗರಿಯಲ್ಲಿ, ಅಂದರೆ ಮರಾಠಿಯಲ್ಲಿ ಬರೆದರೂ ಪೈಥಾನ್ 6 ಅಂತಲೇ ಹೇಳುತ್ತದೆ, ಬೈಟು 18. ರೋಮನ್ ಲಿಪಿಯಲ್ಲಿ ಬರೆದರೆ ಮಾತ್ರ ಎರಡೂ 7. ನಮ್ಮ ಊರಿನ ಅಂಗಡಿ ಬೋರ್ಡುಗಳ ಮೇಲೆ ಕಾಣುವ ಲಿಪಿಗಳಿಗೆ ಕಂಪ್ಯೂಟರಿನ ಒಳಗಿನ ಲೆಕ್ಕ ಹೀಗಿದೆ.

ಈ ಒಂದು ಪ್ರಶ್ನೆಯಲ್ಲೇ ಇವತ್ತಿನ ನನ್ನ ವಾದ ಅಡಗಿದೆ. ಉತ್ತರ ಮಾತ್ರ ನೋಡಿ ಅಂಕ ಕೊಡುವ ಪರೀಕ್ಷೆ, ವಿದ್ಯಾರ್ಥಿಯ ತಲೆಯಲ್ಲಿ ಭಾಷೆಯ ಚಿತ್ರ ಹೇಗಿದೆ ಅನ್ನೋದನ್ನು ತೋರಿಸುವುದಿಲ್ಲ. ಟ್ರಿಕಿ ಪ್ರಶ್ನೆ ಕೇಳಬಾರದು ಅಂತ ನಾನು ಹೇಳ್ತಾ ಇಲ್ಲ. ಕೇಳಬೇಕು. ಆದರೆ ಅದರ ಹಿಂದೆ ಭಾಷೆಯ ಒಂದು ಮೂಲನಿಯಮ ಇರಬೇಕು, ಮತ್ತು ನಾವು ಆ ನಿಯಮವನ್ನು ಕೇಳಬೇಕು.

2. ಈ ಪ್ರಶ್ನೆ ನಮಗೆ ಯಾಕೆ ಮುಖ್ಯ

ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮೊದಲು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಮೂರು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ ಕಡೆಯ ಭಾಗ ಮೈಸೂರು ರಾಜ್ಯಕ್ಕೆ ಬಂತು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರ ಅದರೊಳಗೆ ಸೇರಿದವು. ಉಮರ್ಗಾ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿಯಿತು. ಗಡಿ ಆ ಕಡೆ ಹೋಯಿತು, ಮನೆಮಾತು ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು.

ಅದರ ಪರಿಣಾಮ ನಮ್ಮ ಲ್ಯಾಬಿನಲ್ಲಿ ಕಾಣುತ್ತದೆ. ಮನೆಯಲ್ಲಿ ಅವ್ವ, ಅಪ್ಪನ ಜೊತೆ ಕನ್ನಡ. ಹತ್ತನೆಯವರೆಗೆ ಶಾಲೆ ಮರಾಠಿಯಲ್ಲಿ. ಬಿಎಸ್ಸಿ ಕಂಪ್ಯೂಟರ್ ಸೈನ್ಸ್, ಬಿಸಿಎ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಪೈಥಾನ್, ಸಿ, ಜಾವಾ ಅನ್ನೋದು ಈ ಹುಡುಗರಿಗೆ ನಾಲ್ಕನೆಯ ಭಾಷೆ. ಉತ್ತರ ತಪ್ಪಾದರೆ ಯಾವ ಭಾಷೆಯಲ್ಲಿ ತಪ್ಪಿತು ಅನ್ನೋದು ಬರೀ ಉತ್ತರ ನೋಡಿದರೆ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಕೊಡ್ತೀನಿ. ‘ಅ = ಅ + 1’ ಎಂಬ ಸಾಲು. ಮರಾಠಿ ಶಾಲೆಯ ಗಣಿತದಲ್ಲಿ ‘=’ ಚಿಹ್ನೆಯನ್ನು ‘ಬರಾಬರ್’ ಅಂತ ಓದಿಸುತ್ತಾರೆ, ಕನ್ನಡದಲ್ಲಿ ‘ಸಮ’ ಅಂತೀವಿ. ‘ಅ ಬರಾಬರ್ ಅ ಕೂಡಿಸು 1’ ಅಂತ ಓದಿಕೊಂಡರೆ ಅದು ಸುಳ್ಳು ವಾಕ್ಯ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿರುವ ಸಂಖ್ಯೆಗೆ ಸಮ ಆಗುವುದಿಲ್ಲ. ಮೊದಲ ವರ್ಷದ ಹುಡುಗಿ ಒಬ್ಬಳು ನನಗೆ ಹೀಗೇ ಕೇಳಿದಳು: “ಸರ್, ಇದು ಹ್ಯಾಂಗ ಬರಾಬರ್ ಆಗ್ತದ್ರಿ?” ನಾನು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಗಣಿತದ ಪ್ರಕಾರ ಅವಳೇ ಸರಿ. ಪ್ರೋಗ್ರಾಮಿಂಗ್‌ನಲ್ಲಿ ಆ ಚಿಹ್ನೆ ಹೇಳಿಕೆ ಅಲ್ಲ, ಆಜ್ಞೆ. ‘ಬಲಗಡೆಯ ಲೆಕ್ಕ ಮಾಡು, ಬಂದದ್ದನ್ನು ಎಡಗಡೆಯ ಹೆಸರಿಗೆ ಕೊಡು’ ಅಂತ ಅದರ ಅರ್ಥ. ಇದನ್ನು ನಾವು ಹೇಳಿಕೊಟ್ಟಿರಲಿಲ್ಲ, ಆದರೆ ಪರೀಕ್ಷೆಯಲ್ಲಿ ಕೇಳಿದ್ದೆವು.

3. ಡಬ್ಬಿಯೋ, ಹೆಸರೋ

ಈಗ ಬುನಾದಿಗೆ ಬರೋಣ. ವೇರಿಯೇಬಲ್ ಅಂದರೆ ಏನು ಅಂತ ಕೇಳಿದರೆ ನಾವೆಲ್ಲ ಹೇಳೋದು ಒಂದೇ: ‘ಅದೊಂದು ಡಬ್ಬಿ, ಒಳಗೆ ಬೆಲೆ ಇಡ್ತೀವಿ’. ಸಿ ಭಾಷೆಯ ಮಟ್ಟಿಗೆ ಈ ಚಿತ್ರ ಬಹುಮಟ್ಟಿಗೆ ಸರಿ. ಅಲ್ಲಿ ‘ಇಂಟ್ ಅ’ ಅಂದರೆ ಮೆಮೊರಿಯಲ್ಲಿ ನಿಜವಾಗಿಯೂ ಒಂದು ಜಾಗ ಸಿಗುತ್ತದೆ. ‘ಬ = ಅ’ ಅಂದರೆ ಅ ಡಬ್ಬಿಯಲ್ಲಿರೋದನ್ನು ನಕಲು ಮಾಡಿ ಬ ಡಬ್ಬಿಗೆ ಹಾಕುತ್ತದೆ.

ಪೈಥಾನ್‌ಗೆ ಬಂದಾಗ ಈ ಡಬ್ಬಿ ಒಡೆಯುತ್ತದೆ. ಈ ನಾಲ್ಕು ಸಾಲು ನೋಡ್ರಿ:

ಅ = [1, 2]
ಬ = ಅ
ಬ.ಅಪೆಂಡ್(3)
ಪ್ರಿಂಟ್(ಅ)

ಏನು ಬರುತ್ತದೆ? ಡಬ್ಬಿಯ ಚಿತ್ರ ಇಟ್ಟುಕೊಂಡವರು [1, 2] ಅಂತಾರೆ. ಬರೋದು [1, 2, 3]. ಯಾಕೆಂದರೆ ಪೈಥಾನ್‌ನಲ್ಲಿ ಅ ಅನ್ನೋದು ಡಬ್ಬಿ ಅಲ್ಲ, ಹೆಸರು. ‘ಬ = ಅ’ ಅಂದರೆ ಪಟ್ಟಿ ಎರಡಾಗಲಿಲ್ಲ, ಇದ್ದ ಪಟ್ಟಿಗೆ ಇನ್ನೊಂದು ಹೆಸರು ಬಂತು. ನಮ್ಮ ಕಡೆ ಮನೆಯಲ್ಲಿ ಒಂದು ಹೆಸರಿಂದ ಕರೆಯುತ್ತಾರೆ, ಶಾಲೆಯ ದಾಖಲೆಯಲ್ಲಿ ಬೇರೆ ಹೆಸರು ಇರುತ್ತದೆ. ಮನೆಯಲ್ಲಿ ಊಟ ಹಾಕಿದರೆ ಶಾಲೆಯ ಹೆಸರಿನವನ ಹೊಟ್ಟೆಯೂ ತುಂಬುತ್ತದೆ. ಆಳು ಒಬ್ಬನೇ.

ಈ ಹೋಲಿಕೆ ಹೇಳಿದ ಮೇಲೆ ಮುಂದಿನ ಪ್ರಶ್ನೆ ಕೇಳಬೇಕು, ಇಲ್ಲದಿದ್ದರೆ ಇದೂ ಬಾಯಿಪಾಠ ಆಗ್ತದೆ. ಮೂರನೇ ಸಾಲಿನಲ್ಲಿ ಅಪೆಂಡ್ ಬದಲು ‘ಬ = ಬ + [3]’ ಅಂತ ಬರೆದರೆ? ಈಗ ಅ ಬದಲಾಗುವುದಿಲ್ಲ, [1, 2] ಆಗಿಯೇ ಉಳಿಯುತ್ತದೆ. ಬಲಗಡೆಯಲ್ಲಿ ಕೂಡಿಸಿದಾಗ ಹೊಸ ಪಟ್ಟಿ ಹುಟ್ಟುತ್ತದೆ, ಬ ಅನ್ನೋ ಹೆಸರು ಹಳೆಯದನ್ನು ಬಿಟ್ಟು ಹೊಸದಕ್ಕೆ ಅಂಟಿಕೊಳ್ಳುತ್ತದೆ. ಇರುವ ವಸ್ತುವನ್ನು ತಿದ್ದುವುದು ಬೇರೆ, ಹೆಸರನ್ನು ಬೇರೆ ವಸ್ತುವಿಗೆ ಕೊಡುವುದು ಬೇರೆ. ಈ ಒಂದು ಭೇದ ತಿಳಿದವರಿಗೆ ಪೈಥಾನ್‌ನ ಅರ್ಧ ಟ್ರಿಕಿ ಪ್ರಶ್ನೆಗಳು ಟ್ರಿಕಿ ಅನ್ನಿಸುವುದೇ ಇಲ್ಲ.

ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳುವ ಇನ್ನೊಂದು ಪ್ರಶ್ನೆಯೂ ಇದರದೇ ಮಗ್ಗುಲು. ‘ಹಾಜರಿ(ಹೆಸರು, ಪಟ್ಟಿ = [])’ ಎಂಬ ಫಂಕ್ಷನ್ ಬರೆದಿದ್ದೀರಿ. ಅದು ಹೆಸರನ್ನು ಪಟ್ಟಿಗೆ ಸೇರಿಸಿ ಪಟ್ಟಿಯನ್ನು ಹಿಂದಿರುಗಿಸುತ್ತದೆ. ಪಟ್ಟಿ ಕೊಡದೆ ಬರೀ ಹೆಸರು ಕೊಟ್ಟು ಎರಡು ಸಲ ಕರೆದರೆ, ಎರಡನೇ ಸಲ ಒಂದೇ ಹೆಸರು ಬರಬೇಕು ಅನ್ನಿಸುತ್ತದೆ. ಎರಡೂ ಹೆಸರು ಬರುತ್ತವೆ. ಪೈಥಾನ್ ಆ ಖಾಲಿ ಪಟ್ಟಿಯನ್ನು ಫಂಕ್ಷನ್ ಬರೆದಿಟ್ಟ ಹೊತ್ತಿಗೆ ಒಂದೇ ಸಲ ಮಾಡುತ್ತದೆ, ಕರೆದಾಗಲೆಲ್ಲ ಹೊಸದು ಮಾಡುವುದಿಲ್ಲ. ಶಾಲೆಯಲ್ಲಿ ದಿನವೂ ಹೊಸ ಹಾಜರಿ ಪುಸ್ತಕ ತರುವುದಿಲ್ಲವಲ್ಲ, ಅದೇ ಪುಸ್ತಕದಲ್ಲಿ ಮುಂದೆ ಬರೆಯುತ್ತಾ ಹೋಗುತ್ತಾರೆ, ಹಂಗೇ.

ಇವೆರಡು ಒಳ್ಳೆಯ ಟ್ರಿಕಿ ಪ್ರಶ್ನೆಗಳು. ಉತ್ತರವನ್ನು ಪೈಥಾನ್ ಭಾಷೆಯ ನಿಯಮವೇ ಕಟ್ಟಿಕೊಟ್ಟಿದೆ. ಯಾವ ಯಂತ್ರದಲ್ಲಿ ಓಡಿಸಿದರೂ ಅದೇ. ತಪ್ಪು ಉತ್ತರ ಕೊಟ್ಟವನ ತಲೆಯಲ್ಲಿ ಯಾವ ಚಿತ್ರ ಇದೆ ಅನ್ನೋದೂ ಆ ತಪ್ಪಿನಿಂದಲೇ ತಿಳಿಯುತ್ತದೆ.

4. ಉತ್ತರವೇ ಇಲ್ಲದ ಪ್ರಶ್ನೆ

ಈಗ ಕೆಟ್ಟ ಟ್ರಿಕಿ ಪ್ರಶ್ನೆಗೆ ಬರ್ತೀನಿ. ಇದು ನನಗೇ ಆದ ಅನುಭವ. ಸಂಸ್ಥೆಯ ಹೆಸರು ಬೇಡ. ಇಂಥದ್ದು ಎಲ್ಲ ಕಡೆ ಆಗುವಂಥದ್ದೇ. ನಾನು ಪದವಿ ಓದುವಾಗ ಸಿ ಪತ್ರಿಕೆಯಲ್ಲಿ ಹೀಗಿತ್ತು: ‘ಅ ಬೆಲೆ 5 ಇದ್ದಾಗ ಅ++ + ++ಅ ಎಷ್ಟು?’ ನನ್ನ ಪಕ್ಕದವನು 12 ಬರೆದ. ಹಿಂದಿನವನು 13. ನಾನು ‘ಕಂಪೈಲರ್ ಮೇಲೆ ಅವಲಂಬಿತ, ಖಚಿತ ಉತ್ತರ ಇಲ್ಲ’ ಅಂತ ಬರೆದೆ. ನನಗೆ ಸೊನ್ನೆ ಬಂತು. ಉತ್ತರಸೂಚಿಯಲ್ಲಿ ಒಂದು ಸಂಖ್ಯೆ ಇತ್ತು, ಅಷ್ಟೇ.

ಸಿ ಭಾಷೆಯ ಪ್ರಮಾಣಗ್ರಂಥದ ಪ್ರಕಾರ, ಒಂದೇ ಅಭಿವ್ಯಕ್ತಿಯಲ್ಲಿ, ನಡುವೆ ಯಾವ ಕ್ರಮಬಿಂದುವೂ ಇಲ್ಲದೆ, ಒಂದೇ ವೇರಿಯೇಬಲನ್ನು ಎರಡು ಸಲ ಬದಲಿಸಿದರೆ ಅದರ ವರ್ತನೆ ಅನಿರ್ದಿಷ್ಟ. ಯಾವ ಕಡೆಯಿಂದ ಲೆಕ್ಕ ಶುರು ಮಾಡಬೇಕು, ಹೆಚ್ಚಿಸಿದ ಬೆಲೆಯನ್ನು ಯಾವಾಗ ಬರೆದಿಡಬೇಕು ಅನ್ನೋದನ್ನು ಸಿ ಬೇಕಂತಲೇ ಕಂಪೈಲರ್ ಬರೆಯುವವರಿಗೆ ಬಿಟ್ಟುಕೊಟ್ಟಿದೆ. ಅದರಿಂದ ಕಂಪೈಲರ್ ಕೋಡನ್ನು ಚುರುಕು ಮಾಡಬಹುದು. ಅಂದಮೇಲೆ ಈ ಪ್ರಶ್ನೆಗೆ 12 ಕೂಡ ಸರಿ ಅಲ್ಲ, 13 ಕೂಡ ಸರಿ ಅಲ್ಲ.

ಆದರೆ ಇದೇ ಸಾಲನ್ನು ಜಾವಾದಲ್ಲಿ ಬರೀರಿ. ಅಲ್ಲಿ ಉತ್ತರ 12, ಅನುಮಾನವೇ ಇಲ್ಲ. ಜಾವಾ ಎಡದಿಂದ ಬಲಕ್ಕೆ ಲೆಕ್ಕ ಮಾಡಬೇಕು ಅಂತ ನಿಯಮವನ್ನೇ ಮಾಡಿದೆ. ಮೊದಲ ಅ++ ಕೊಡುವುದು 5, ಆಗ ಅ 6 ಆಗುತ್ತದೆ. ++ಅ ಅದನ್ನು 7 ಮಾಡಿ 7 ಕೊಡುತ್ತದೆ. 5 ಕೂಡಿಸು 7, 12. ಬರಹ ಅದೇ. ಒಂದು ಭಾಷೆಯಲ್ಲಿ ಅದು ಬುನಾದಿಯ ಪ್ರಶ್ನೆ, ಇನ್ನೊಂದರಲ್ಲಿ ಪ್ರಶ್ನೆಯೇ ಅಲ್ಲ.

ಇಂಥ ಪ್ರಶ್ನೆಗಳು ನಮ್ಮಲ್ಲಿ ಇಷ್ಟು ಬೇರುಬಿಡಲು ಒಂದು ಕಾರಣ ಇದೆ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ ಟರ್ಬೊ ಸಿ ನಮ್ಮ ದೇಶದ ಲ್ಯಾಬುಗಳಲ್ಲಿ ದಶಕಗಳ ಕಾಲ ಕೂತಿತ್ತು. ಹೊಸ ವಿಂಡೋಸ್‌ನಲ್ಲಿ ಅದು ನೇರ ಓಡದಿದ್ದರೆ ಡಾಸ್‌ಬಾಕ್ಸ್ ಹಾಕಿ ಓಡಿಸಿದೆವು. ಎಲ್ಲರ ಹತ್ತಿರ ಒಂದೇ ಕಂಪೈಲರ್ ಇದ್ದಾಗ ‘ಟರ್ಬೊ ಸಿ ಏನು ಹೇಳ್ತದೋ ಅದೇ ಸಿ ಭಾಷೆ’ ಅನ್ನಿಸಿಬಿಡುತ್ತದೆ. ಅದರಲ್ಲಿ ಇಂಟ್ 16 ಬಿಟ್ಟಿನದು, ಗರಿಷ್ಠ ಬೆಲೆ 32767. ಅದಕ್ಕೆ 1 ಕೂಡಿಸಿದರೆ ಪರದೆ ಮೇಲೆ -32768 ಬರುತ್ತಿತ್ತು, ಅದನ್ನೇ ಬಾಯಿಪಾಠ ಮಾಡಿದೆವು. ಇವತ್ತಿನ ಸಾಮಾನ್ಯ ಜಿಸಿಸಿಯಲ್ಲಿ ಇಂಟ್ 32 ಬಿಟ್ಟಿನದು, 32767 ಕೂಡಿಸು 1 ಅಂದರೆ ಸುಮ್ಮನೆ 32768. ಪಾಠ ಹೇಳಿದವರದು ತಪ್ಪಲ್ಲ, ಆದರೆ ಒಂದು ಯಂತ್ರದ ರೂಢಿಯನ್ನು ಭಾಷೆಯ ನಿಯಮ ಅಂದುಕೊಂಡೆವು.

ಪೈಥಾನ್‌ನಲ್ಲೂ ಇಂಥದ್ದಿದೆ. 256ನ್ನು ಎರಡು ಹೆಸರಿಗೆ ಬೇರೆಬೇರೆಯಾಗಿ ಕೊಟ್ಟು ‘ಇಸ್’ ಹಾಕಿ ಹೋಲಿಸಿದರೆ ‘ಟ್ರೂ’, 257ಕ್ಕೆ ‘ಫಾಲ್ಸ್’ ಅಂತ ಒಂದು ಜನಪ್ರಿಯ ಪ್ರಶ್ನೆ. ಸಿಪೈಥಾನ್ -5ರಿಂದ 256ರವರೆಗಿನ ಸಂಖ್ಯೆಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಅದಕ್ಕೇ ಹೀಗೆ. ಆದರೆ ಅದೇ ಎರಡು ಸಾಲನ್ನು ಫೈಲಿನಲ್ಲಿ ಬರೆದು ಓಡಿಸಿದರೆ 257ಕ್ಕೂ ‘ಟ್ರೂ’ ಬರಬಹುದು. ಹೀಗಿರುವಾಗ ‘ಉತ್ತರ ಫಾಲ್ಸ್’ ಅಂತ ಅಂಕ ಕೊಡೋದು ಹೇಗೆ? ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬೆಲೆ ಸಮವೇ ಎಂದು ನೋಡಲು ಏನು ಬಳಸಬೇಕು, ಎರಡೂ ಒಂದೇ ವಸ್ತುವೇ ಎಂದು ನೋಡಲು ಏನು ಬಳಸಬೇಕು? ಮೊದಲನೆಯದಕ್ಕೆ ಎರಡು ಸಮ ಚಿಹ್ನೆ, ಎರಡನೆಯದಕ್ಕೆ ‘ಇಸ್’. ಮನೆಹೆಸರು, ಶಾಲೆಯ ಹೆಸರು ಒಬ್ಬನದೇನಾ, ಅಥವಾ ಒಂದೇ ಎತ್ತರದ ಇಬ್ಬರು ಹುಡುಗರಾ, ಇಷ್ಟೇ ವ್ಯತ್ಯಾಸ.

5. ನಿಯಮ ಇದೆ, ಆದರೆ ಭಾಷೆಗೊಂದು ನಿಯಮ

ಇನ್ನೊಂದು ಬಗೆ ಇದೆ. ಉತ್ತರ ಖಚಿತ, ಆದರೆ ಭಾಷೆಯಿಂದ ಭಾಷೆಗೆ ಬೇರೆ. ಭಾನುವಾರ 0, ಸೋಮವಾರ 1 ಅಂತ ಎಣಿಸಿದರೆ ಬುಧವಾರ 3. ಬುಧವಾರದಿಂದ 8 ದಿನ ಹಿಂದೆ ಯಾವ ವಾರ? 3ರಲ್ಲಿ 8 ಕಳೆದರೆ -5; ಅದನ್ನು 7ರಿಂದ ಭಾಗಿಸಿ ಶೇಷ ತೆಗೆಯಬೇಕು. ಪೈಥಾನ್ 2 ಅನ್ನುತ್ತದೆ, ಅಂದರೆ ಮಂಗಳವಾರ, ಸರಿ. ಸಿ ಮತ್ತು ಜಾವಾ -5 ಅನ್ನುತ್ತವೆ. -5ನೇ ವಾರ ಯಾವ ಪಂಚಾಂಗದಲ್ಲೂ ಇಲ್ಲ.

ಕಾರಣ ಇಷ್ಟೇ. ಪೈಥಾನ್‌ನ ಪೂರ್ಣಾಂಕ ಭಾಗಾಕಾರ ಯಾವಾಗಲೂ ಕೆಳಗಿನ ಸಂಖ್ಯೆಗೆ ಇಳಿಯುತ್ತದೆ, ಸಿ ಮತ್ತು ಜಾವಾದ್ದು ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಅದಕ್ಕೇ -7ನ್ನು 2ರಿಂದ ಭಾಗಿಸಿದರೆ ಪೈಥಾನ್‌ಗೆ -4, ಸಿಗೆ -3. ಶೇಷದ ಚಿಹ್ನೆ ಇದರ ಬೆನ್ನಿಗೇ ಬರುತ್ತದೆ. ಸೆಮಿಸ್ಟರಿಗೊಂದು ಭಾಷೆ ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ಈ ಬಗೆಯ ಪ್ರಶ್ನೆ ಬಹಳ ಉಪಯೋಗ. ಸಿಯಲ್ಲಿ ಕಲಿತದ್ದನ್ನು ಪೈಥಾನ್‌ಗೆ ಹೊತ್ತುಕೊಂಡು ಹೋಗುವಾಗ ಯಾವುದು ಹೊರಬೇಕು, ಯಾವುದು ಇಳಿಸಬೇಕು ಅನ್ನೋದನ್ನು ಅದು ಕಲಿಸುತ್ತದೆ. ಆದರೆ ಪತ್ರಿಕೆಯಲ್ಲಿ ಭಾಷೆಯ ಹೆಸರು ಬರೆದಿರಲೇಬೇಕು.

6. ನಮ್ಮ ಲಿಪಿ ಒಡ್ಡುವ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿನ ಮಾತು. ಈಗ ನಮ್ಮದೇ ಮಾತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಲಿಂಡ್ರೋಮ್ ಪ್ರೋಗ್ರಾಮ್ ತಪ್ಪಿದ್ದೇ ಇಲ್ಲ: ಪದವನ್ನು ತಿರುಗಿಸಿ, ಮೂಲದ ಜೊತೆ ಹೋಲಿಸು. ಒಮ್ಮೆ ನಾನು ಇದನ್ನು ಕನ್ನಡದಲ್ಲಿ ಮಾಡಿಸೋಣ ಅಂತ ‘ನಯನ’, ‘ಕನಕ’ ಕೊಟ್ಟೆ. ಎಲ್ಲರ ಪ್ರೋಗ್ರಾಮೂ ಪಾಸಾಯಿತು, ನನಗೂ ಖುಷಿ. ಆಗ ಉಮರ್ಗಾ ಕಡೆಯ ಹುಡುಗನೊಬ್ಬ ತಾನೇ ‘ವಿಕಟಕವಿ’ ಅಂತ ಹಾಕಿ ಓಡಿಸಿದ. “ಪಾಲಿಂಡ್ರೋಮ್ ಅಲ್ಲ” ಅಂತ ಬಂತು. “ಸರ್, ನಮ್ಮಜ್ಜಿಗೂ ಗೊತ್ತದ ಇದು ಎರಡೂ ಕಡೆಯಿಂದ ಒಂದೇ ಅಂತ. ಕಂಪ್ಯೂಟರಿಗ ಯಾಕ ಗೊತ್ತಿಲ್ರಿ?” ಅಂದ.

ಆ ಹುಡುಗ ಕೇಳಿದ್ದು ನನ್ನ ಇಡೀ ಪತ್ರಿಕೆಗಿಂತ ಒಳ್ಳೆಯ ಪ್ರಶ್ನೆ. ವಿಕಟಕವಿಯಲ್ಲಿ ನಮಗೆ ಕಾಣುವ ಅಕ್ಷರ 5, ಒಳಗಿನ ಸಂಕೇತ 7: ವ, ಗುಡಿಸು, ಕ, ಟ, ಕ, ವ, ಗುಡಿಸು. ಸಂಕೇತಗಳನ್ನು ತಿರುಗಿಸಿದರೆ ಗುಡಿಸು ಮೊದಲಿಗೆ ಬಂದು ಯಾರಿಗೂ ಹತ್ತದೆ ಒಂಟಿಯಾಗಿ ನಿಲ್ಲುತ್ತದೆ, ಇನ್ನೊಂದು ಗುಡಿಸು ವ ಬಿಟ್ಟು ಕ ಮೇಲೆ ಏರುತ್ತದೆ. ನಿಲಂಗಾ ತಿರುಗಿಸಿದರೂ ಇದೇ ಪಾಡು: ದೀರ್ಘ ಒಂಟಿ, ಸೊನ್ನೆ ಗ ಪಕ್ಕಕ್ಕೆ, ಗುಡಿಸು ಲ ಮೇಲೆ. ನಯನ, ಕನಕ ಪಾಸಾಗಿದ್ದು ಅವುಗಳಲ್ಲಿ ಬರೀ ಅಕಾರದ ವ್ಯಂಜನಗಳಿದ್ದವು ಅಂತ. ಅಂದರೆ ಪ್ರೋಗ್ರಾಮ್ ಸರಿ ಇರಲಿಲ್ಲ, ನನ್ನ ಪರೀಕ್ಷೆ ಸಡಿಲ ಇತ್ತು.

ಸರಿಪಡಿಸುವ ದಾರಿ ಕಷ್ಟದ್ದಲ್ಲ. ತಿರುಗಿಸುವ ಮೊದಲು ಪದವನ್ನು ಅಕ್ಷರಗಳಾಗಿ ಬಿಡಿಸಬೇಕು. ಸ್ವರಚಿಹ್ನೆ, ಸೊನ್ನೆ, ವಿಸರ್ಗ, ಹಲಂತ ಬಂದರೆ ಹಿಂದಿನದಕ್ಕೆ ಸೇರಿಸು. ಹಲಂತದ ನಂತರ ವ್ಯಂಜನ ಬಂದರೆ ಅದನ್ನೂ ಸೇರಿಸು. ‘ಪ್ರಶ್ನೆ’ ಪದದ 7 ಸಂಕೇತಗಳು ಹೀಗೆ ಸೇರಿ 2 ಅಕ್ಷರ ಆಗುತ್ತವೆ. ನಾವು ಒಂದನೇ ಇಯತ್ತೆಯಲ್ಲಿ ಕಲಿತ ಒತ್ತಕ್ಷರದ ಪಾಠವೇ ಇಲ್ಲಿ ಅಲ್ಗಾರಿದಮ್.

ಅಂಕಿಗಳದೂ ಒಂದು ಸ್ವಾರಸ್ಯ ಇದೆ. ‘೧೨೩’ ಎಂಬ ಸ್ಟ್ರಿಂಗನ್ನು ಪೈಥಾನ್‌ನ ‘ಇಂಟ್’ಗೆ ಕೊಡಿ, 123 ಅಂತ ಸರಿಯಾಗಿ ಓದುತ್ತದೆ. ದೇವನಾಗರಿ ಅಂಕಿ ಕೊಟ್ಟರೂ ಓದುತ್ತದೆ. ಜಾವಾಸ್ಕ್ರಿಪ್ಟ್‌ನ ‘ನಂಬರ್’ಗೆ ಕೊಟ್ಟರೆ ‘ಇದು ಸಂಖ್ಯೆ ಅಲ್ಲ’ ಅನ್ನುತ್ತದೆ. ಸಿಯ ‘ಎ-ಟು-ಐ’ ಫಂಕ್ಷನ್ ಸುಮ್ಮನೆ 0 ಕೊಡುತ್ತದೆ, ಯಾವ ದೂರೂ ಇಲ್ಲದೆ. ಹಾಗಂತ ಪೈಥಾನ್ ಕೋಡಿನೊಳಗೇ ನೇರವಾಗಿ ‘ಅ = ೧೨೩’ ಅಂತ ಬರೆಯಲು ಬರುವುದಿಲ್ಲ, ದೋಷ ತೋರಿಸುತ್ತದೆ. ಹೆಸರಿಗೆ ಕನ್ನಡ ಒಪ್ಪುತ್ತದೆ, ಬರೆಯುವ ಸಂಖ್ಯೆಗೆ ಒಪ್ಪುವುದಿಲ್ಲ, ಓದಿಕೊಳ್ಳುವ ಸಂಖ್ಯೆಗೆ ಒಪ್ಪುತ್ತದೆ. ಮೂರು ಕಡೆ ಮೂರು ನಿಯಮ, ಮೂರೂ ಭಾಷೆಯ ಕೈಪಿಡಿಯಲ್ಲಿ ಇರುವಂಥವು.

ಕೊನೆಯದಾಗಿ ‘ಕೋ’. ಇದನ್ನು ಕ ಮತ್ತು ಒಂದೇ ಓಕಾರ ಚಿಹ್ನೆ ಹಾಕಿ 2 ಸಂಕೇತದಲ್ಲಿ ಬರೆಯಬಹುದು. ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಬಿಡಿಸಿ 4 ಸಂಕೇತದಲ್ಲೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಸಮವೇ ಎಂದು ಪೈಥಾನ್‌ಗೆ ಕೇಳಿದರೆ ‘ಫಾಲ್ಸ್’. ಹೋಲಿಸುವ ಮೊದಲು ಎರಡನ್ನೂ ಯೂನಿಕೋಡಿನ ಒಂದೇ ಪ್ರಮಾಣರೂಪಕ್ಕೆ ತರಬೇಕು. ಹೆಸರಿನ ಪಟ್ಟಿಯಲ್ಲಿ ಒಬ್ಬನೇ ವಿದ್ಯಾರ್ಥಿ ಎರಡು ಸಲ ಕಾಣಿಸಿಕೊಂಡರೆ, ಅಥವಾ ಹುಡುಕಿದರೂ ಸಿಗದಿದ್ದರೆ, ಇದೂ ಒಂದು ಕಾರಣ ಆಗಿರಬಹುದು.

7. ಹಾಗಾದರೆ ಪತ್ರಿಕೆ ತೆಗೆಯುವುದು ಹೇಗೆ

ನಾನು ಈಗ ಪ್ರಶ್ನೆ ಬರೆಯುವಾಗ ನನಗೆ ನಾನೇ ಮೂರು ಮಾತು ಕೇಳಿಕೊಳ್ತೀನಿ.

ಮೊದಲನೆಯದು, ಈ ಉತ್ತರವನ್ನು ಕಟ್ಟಿಕೊಟ್ಟವರು ಯಾರು? ಭಾಷೆಯ ನಿಯಮವಾದರೆ ಪ್ರಶ್ನೆ ಇರಲಿ. ಒಂದು ಕಂಪೈಲರಿನ ರೂಢಿಯಾದರೆ ತೆಗೆದುಹಾಕಬೇಕು, ಇಲ್ಲವೇ ಪ್ರಶ್ನೆಯನ್ನೇ ತಿರುಗಿಸಿ ‘ಈ ಸಾಲಿಗೆ ಖಚಿತ ಉತ್ತರ ಯಾಕೆ ಇಲ್ಲ?’ ಎಂದು ಕೇಳಬೇಕು.

ಎರಡನೆಯದು, ತಪ್ಪು ಉತ್ತರ ಏನಾದರೂ ಹೇಳುತ್ತದೆಯೇ? [1, 2] ಅಂದವನು ಡಬ್ಬಿಯ ಚಿತ್ರದಲ್ಲಿದ್ದಾನೆ ಅಂತ ನನಗೆ ತಿಳಿಯುತ್ತದೆ, ನಾಳೆ ಪಾಠ ಎಲ್ಲಿಂದ ಶುರು ಮಾಡಬೇಕು ಅಂತಲೂ ತಿಳಿಯುತ್ತದೆ. 13 ಅಂದವನಿಂದ ಏನೂ ತಿಳಿಯುವುದಿಲ್ಲ.

ಮೂರನೆಯದು, ಕಾರಣಕ್ಕೆ ಅಂಕ ಇದೆಯೇ? ಮೂರು ಅಂಕದ ಪ್ರಶ್ನೆಯಾದರೆ ಉತ್ತರಕ್ಕೆ 1, ಕಾರಣಕ್ಕೆ 1, ‘ಈ ಒಂದು ಸಾಲು ಬದಲಿಸಿದರೆ ಏನಾಗುತ್ತದೆ’ ಎಂಬುದಕ್ಕೆ 1. ಊಹೆ ಹೊಡೆದವನಿಗೆ ಒಂದೇ ಅಂಕ. ಉತ್ತರದಲ್ಲಿ ಎಡವಿ ಕಾರಣದಲ್ಲಿ ಸರಿ ಇದ್ದವನಿಗೆ ಎರಡು ಸಿಗಬಹುದು. ನನ್ನ ಲೆಕ್ಕದಲ್ಲಿ ಅದು ನ್ಯಾಯ.

8. ಚರ್ಚೆಯಿಂದ

ವಿದ್ಯಾರ್ಥಿನಿ: ಸರ್, ಕಂಪನಿಗಳ ಆನ್‌ಲೈನ್ ಟೆಸ್ಟ್‌ನಲ್ಲಿ ಆ 257, ಅ++ ಪ್ರಶ್ನೆಗಳೇ ಬರ್ತಾವಲ್ರಿ. ನಾವು ‘ಉತ್ತರ ಇಲ್ಲ’ ಅಂತ ಕೂತರೆ ಕೆಲಸ ಹೋಗ್ತದ.

ಉತ್ತರ: ನಿಮ್ಮ ಮಾತು ಖರೆ. ಆಯ್ಕೆಗಳಲ್ಲಿ ‘ಅನಿರ್ದಿಷ್ಟ’ ಅಥವಾ ‘ಕಂಪೈಲರ್ ಮೇಲೆ ಅವಲಂಬಿತ’ ಅಂತ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಅವರು ಯಾವ ಉತ್ತರ ಬಯಸಿದ್ದಾರೆ ಅಂತ ಊಹಿಸಿ ಹಾಕಿ ಮುಂದೆ ಹೋಗಿ, ಅದರಲ್ಲಿ ನಾಚಿಕೆ ಇಲ್ಲ. ಸಂದರ್ಶನದಲ್ಲಿ ಎದುರು ಮನುಷ್ಯರು ಕೂತಿದ್ದರೆ ಮಾತ್ರ ಕಾರಣ ಹೇಳಿ. ‘ಸಿಯಲ್ಲಿ ಇದು ಅನಿರ್ದಿಷ್ಟ, ಜಾವಾದಲ್ಲಿ 12’ ಅಂತ ನೀವು ಹೇಳಿದರೆ, ಕೆಲಸ ತಿಳಿದವರು ಮುಂದಿನ ಪ್ರಶ್ನೆಯನ್ನು ಗೌರವದಿಂದ ಕೇಳ್ತಾರೆ.

ಅಧ್ಯಾಪಕರು: ನಿಮ್ಮ ವಿಧಾನ ಚೆನ್ನಾಗಿದೆ, ಆದರೆ ಒಂದು ತರಗತಿಯಲ್ಲಿ ಅರವತ್ತು, ಎಪ್ಪತ್ತು ಜನ ಇದ್ದರೆ ಎಲ್ಲರ ಕಾರಣ ಓದಲು ಯಾರಿಗೆ ಸಮಯ?

ಉತ್ತರ: ಎಲ್ಲ ಪ್ರಶ್ನೆಗೂ ಬೇಡ ಸರ್. ಇಪ್ಪತ್ತು ಪ್ರಶ್ನೆಯಲ್ಲಿ ಎರಡಕ್ಕೆ ಮಾತ್ರ ಒಂದು ಸಾಲಿನ ಕಾರಣ ಕೇಳಿ. ಉಳಿದದ್ದನ್ನು ಮೌಖಿಕ ಪರೀಕ್ಷೆಗೆ ಬಿಡಿ. ‘ಈ ಸಾಲು ತೆಗೆದರೆ?’ ಅಂತ ಒಂದೇ ಮಾತು ಕೇಳಿದರೆ ಯಾರದೋ ನಕಲು ಮಾಡಿದ ರೆಕಾರ್ಡ್ ಬುಕ್ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ವಿದ್ಯಾರ್ಥಿ: ಕಾರಣ ಇಂಗ್ಲಿಷಿನಾಗ ಬರೀಲಿಕ್ಕ ಬರಲಿಲ್ಲ ಅಂದ್ರ?

ಉತ್ತರ: ಆಂತರಿಕ ಪರೀಕ್ಷೆಯಲ್ಲಿ ನಾನು ಕನ್ನಡ, ಮರಾಠಿ ಎರಡೂ ಒಪ್ಪಿಕೊಳ್ತೀನಿ. ನಾನು ನೋಡಬೇಕಾದ್ದು ಪೈಥಾನ್ ಗೊತ್ತಿದೆಯಾ ಅಂತ, ಇಂಗ್ಲಿಷ್ ಪತ್ರಿಕೆ ಬೇರೆ ಇದೆ. ಓದಲಿಕ್ಕೂ ದಾರಿ ಇದೆ: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ, ಮರಾಠಿ ಸೇರಿ ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿ ಪಾಠಗಳಿವೆ. ಪಾಠ ನಿಮ್ಮ ಮಾತಿನಲ್ಲಿ ಕೇಳಿ, ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ಕಾರಣ ನಿಮ್ಮದೇ ಆಗಿರಲಿ.

ಸಮಯ ಮುಗಿಯಿತು. ಒಂದು ಮನೆಗೆಲಸ ಕೊಟ್ಟು ಮುಗಿಸ್ತೀನಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಉದ್ದ ಕೇಳಿ. ಉಮರ್ಗಾದವರಿಗೆ ಎರಡು ಬೇರೆ ಸಂಖ್ಯೆ ಬರುತ್ತದೆ: ಕನ್ನಡದಲ್ಲಿ 6, ಮರಾಠಿಯಲ್ಲಿ 5. ಉದಗೀರದವರಿಗೆ ಎರಡೂ ಕಡೆ 5. ಓಡಿಸುವ ಮೊದಲು ಉತ್ತರ ಕಾಗದದ ಮೇಲೆ ಬರೀರಿ, ಅದರ ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು. ಮುಂದಿನ ವಾರ ನಾನು ನೋಡೋದು ಆ ಸಾಲನ್ನು.